ಡ್ರಾಯಿಂಗ್ ಮೇಷ್ಟ್ರ ಗೋಡೆಪತ್ರಿಕೆ

ಡ್ರಾಯಿಂಗ್ ಮೇಷ್ಟ್ರು ಗುರುಮಲ್ಲಪ್ಪನವರು ಹಿಂದುಹಿಂದಕ್ಕೆ ನಡೆಯುತ್ತಿದ್ದರು. ನಾವು ಹುಡುಗರು ತಿಂಗಳಿಗೊಮ್ಮೆ ತರುತ್ತಿದ್ದ ಗೋಡೆಪತ್ರಿಕೆಯನ್ನು ಒರಗಿಸಿಟ್ಟು, ಒಂದು ಕಣ್ಣು ಮುಚ್ಚಿ, ಅದನ್ನೇ ನೋಡುತ್ತ ಹಿಂದೆ ಸರಿಯುವರು. ಒಂದು ಸಲ ಕೊಠಡಿ ಮುಗಿದು, ಜಗಲಿಯೂ ಮುಗಿದು, ಕೆಳಗಿನ ತುಂಬೆ ಗಿಡಗಳ ಮೇಲೆ ಕೂತೇಬಿಟ್ಟರು. ಕೂತಲ್ಲಿಂದಲೇ, ಬಲಗಡೆ ಭಾರವಾಗಿದೆ, ಚಿತ್ರವನ್ನು ಎಡಕ್ಕೆ ತನ್ನಿ ಎಂದರು.

ಅದು ಐವತ್ತರ ದಶಕದ ಗುಂಡ್ಲುಪೇಟೆ. ಅಚ್ಚುಮೊಳೆಯನ್ನು ನಾವ್ಯಾರೂ ಕಂಡಿರಲಿಲ್ಲ. ಕೈಯಲ್ಲಿ ಬರೆದ ತುಂಡುಗಳನ್ನು ದೊಡ್ಡ ಡ್ರಾಯಿಂಗ್ ಹಾಳೆಗೆ ಅಂಟಿಸಿದರೆ ಅದೇ ಪತ್ರಿಕೆ. ಮೇಷ್ಟ್ರ ತಂದೆ ಚಾಮರಾಜನಗರದಲ್ಲಿ ದರ್ಜಿ. ಆ ಮನೆಯ ಅಭ್ಯಾಸ ಇವರನ್ನು ಬಿಟ್ಟಿರಲಿಲ್ಲ. ಯಾರೂ ಒಂದಕ್ಷರ ಬರೆಯುವ ಮೊದಲೇ ಹಳೇ ಕಾಗದವನ್ನು ಅಂಗಿಯ ತುಂಡುಗಳಂತೆ ಕತ್ತರಿಸಿ, ಇದು ಕಥೆ, ಇದು ಸುದ್ದಿ, ಇದು ಒಗಟು ಎಂದು ಹಾಳೆಯ ಮೇಲೆ ಹರಡಿ ಜರುಗಿಸುತ್ತ ಕೂರುವರು. ಬರಹ ಆ ತುಂಡಿನೊಳಗೆ ಹಿಡಿಯದಿದ್ದರೆ ಬರಹವನ್ನೇ ಮೊಟಕು ಮಾಡಬೇಕು, ಅಂಚು ಮುಟ್ಟುವಂತಿಲ್ಲ. “ಒತ್ತಿ ಬರೀಬ್ಯಾಡ ಕಣ್ಲಾ. ಓದೋನ್ಗೂ ಉಸ್ರಾಡಕೆ ಜಾಗ ಬುಡು” ಎನ್ನುವರು.

ಹೆಡ್‌ಮಾಸ್ಟರ ಕೊಠಡಿಯ ಪಕ್ಕ ತೂಗಿದರೆ ಯಾರು ಓದುತ್ತಾರೆ ಎಂದು ಪತ್ರಿಕೆಯನ್ನು ಗೇಟಿಗೆ, ಸಂತೆಗೆ ಬರುವವರ ಕಣ್ಣಿಗೆ ಬೀಳುವಂತೆ ತಂದವರೂ ಅವರೇ. ಮೊದಲ ಸಂತೆಯ ದಿನವೇ ಮೇಕೆಯೊಂದು ಮೈದಾ ಅಂಟಿನ ರುಚಿಗೆ ಕೆಳಗಿನ ಸುದ್ದಿಯನ್ನೆಲ್ಲ ಮೇಯ್ದುಬಿಟ್ಟಿತು. ಮುಂದಿನ ಸಲ ಮೇಷ್ಟ್ರು ಮೇಕೆ ಬಾಯಿ ಹಾಕದಂತೆ ಅಂಟಿಗೆ ಮೈಲುತುತ್ತ ಬೆರೆಸಿದರು.

ನಮ್ಮ ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಬರೆಯುತ್ತಿದ್ದವಳು ರಾಜಮ್ಮ. ಎಸ್ಸೆಸ್ಸೆಲ್ಸಿ ಮುಗಿಸಬೇಕೆಂದು ಅವಳಿಗೆ ಬಲು ಆಸೆ. ಸಂತೆಯಲ್ಲಿ ಬೆಲ್ಲ ಮಾರುತ್ತಿದ್ದ ಅವಳ ತಂದೆ, ಈ ವರ್ಷಕ್ಕೆ ಓದು ಸಾಕು ಎಂದುಬಿಟ್ಟಿದ್ದರು. ಮೇಷ್ಟ್ರು ಉಪಾಯ ಹೂಡಿದರು. ಗೋಪಾಲಸ್ವಾಮಿ ಬೆಟ್ಟದ ದಾರಿಯಲ್ಲಿ ಆನೆ ಸರಿಯಲೆಂದು ಗಾಡಿ ನಿಲ್ಲಿಸಿ ಕಾದದ್ದನ್ನು ಅವಳು ಬರೆದಿದ್ದಳು. ಅದನ್ನು ಹಾಳೆಯ ನಟ್ಟನಡುವೆ ಇಟ್ಟು, ಮೇಲೆ ಅವಳ ಹೆಸರನ್ನೂ ಅಪ್ಪನ ಹೆಸರನ್ನೂ ಕೆಂಪು ಶಾಯಿಯಲ್ಲಿ ಅಂಗೈಯಗಲ ಬರೆದರು. ಅಪ್ಪ ನೋಡಿದರೆ ಹೆಮ್ಮೆಪಟ್ಟು ಮುಂದಕ್ಕೆ ಓದಿಸುತ್ತಾನೆ ಎಂಬುದು ಅವರ ಲೆಕ್ಕ.

ತಂದೆ ನೋಡಿದರು. ತಕ್ಕಡಿ ಬಿಟ್ಟು ಎದ್ದು ಸ್ಕೂಲಿಗೇ ಬಂದರು. ಗಲಾಟೆ ಮಾಡಲಿಲ್ಲ.

“ಮದ್ವೆಗೆ ಬಂದಿರೋ ಮಗಳು ಸ್ವಾಮಿ. ಅವಳ ಎಸ್ರ ತಂದು ಸಂತೇಲಿ ನೇತಾಕ್ಬುಟ್ರಲ್ಲ. ಓಗೋರು ಬರೋರೆಲ್ಲ ಕೂಗಿ ಓದ್ತಾವ್ರೆ” ಎಂದರು.

ಮಾರನೆಯ ದಿನದಿಂದ ರಾಜಮ್ಮ ಬರಲಿಲ್ಲ. ಮೇಷ್ಟ್ರು ಅವರ ಮನೆಗೆ ಹೋಗಿ, ಜಗಲಿಯಲ್ಲೇ ಕೂತು, ಕೊಟ್ಟ ಮಜ್ಜಿಗೆ ಕುಡಿದು ಹಿಂತಿರುಗಿದರು. ಆಮೇಲೂ ಪತ್ರಿಕೆ ನಡೆಯಿತು, ಆದರೆ ಅದರಲ್ಲಿ ಯಾರ ಹೆಸರೂ ಇರುತ್ತಿರಲಿಲ್ಲ. ಸಂಪಾದಕ ಎನ್ನಿಸಿಕೊಂಡಿದ್ದ ನನಗೆ, ನನ್ನ ಹೆಸರೂ ಹೋಯಿತಲ್ಲ ಎಂದು, ಆಗ ಮೇಷ್ಟ್ರ ಮೇಲೆ ಸಿಟ್ಟೇ ಬಂದಿತ್ತು.

ಬಹಳ ವರ್ಷಗಳ ಮೇಲೆ ಚಾಮರಾಜನಗರದಲ್ಲಿ ಅವರನ್ನು ಕಾಣಲು ಹೋದೆ. ರಿಟೈರಾಗಿದ್ದರು, ಮಾತು ಕಡಿಮೆಯಾಗಿತ್ತು. ಕಾಫಿ ಮುಗಿದ ಮೇಲೆ ರಾಜಮ್ಮನನ್ನು ವಿಚಾರಿಸಿದರು. ಕುದೇರಿಗೆ ಮದುವೆ ಮಾಡಿ ಕೊಟ್ಟಿದ್ದಾರೆ, ಚೆನ್ನಾಗಿದ್ದಾಳೆ ಎಂದೆ. ಅವರು ಖಾಲಿ ಲೋಟವನ್ನು ಸ್ವಲ್ಪ ಎಡಕ್ಕೆ ಜರುಗಿಸಿ ಹೇಳಿದರು:

“ಅವ್ರಪ್ಪನ ಹೆಸ್ರ ಮಾತ್ರ ದೊಡ್ಡದಾಗಿ ಬರ್ದು, ಕೆಳಗೆ ಸಣ್ಣದಾಗಿ ಮಗಳು ಅಂತ ಆಕಿದ್ರೆ ಸರಿಯಾಗೋದು ಕಣ್ಲಾ.”

“ಆಗೋದು ಸಾರ್” ಎಂದೆ. ಆಗುತ್ತಿರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮುಂದಿನ ಸಲ ನಾನು ಆ ಕಡೆ ಹೋಗುವಷ್ಟರಲ್ಲಿ ಅವರಿರಲಿಲ್ಲ.