ಮೊಲದ ಕೂಗಿಗೆ ಬಂದ ನರಿ

ಮಾರ್ಚ್ 9, ಬೆಳಿಗ್ಗೆ 5.40. ಗಲ್ಫ್‌ನ ರಾಸ್ ಲಫಾನ್ ದಾರಿಯ ಬದಿಯ ಮರಳಿನಲ್ಲಿ ನರಿಯ ಹೆಜ್ಜೆ ಕಂಡು ಕಾರು ನಿಲ್ಲಿಸಿದೆವು.

“ಇವತ್ತು ಇಂಟರ್‌ವ್ಯೂ ಮಾರಾಯ, ಒಂದು ನರಿಮುಖ ತೋರಿಸು, ಲಕ್ ಬೇಕು,” ಎಂದ ಉಡುಪಿಯ ಗೆಳೆಯ ವಾಲ್ಟರ್.

ಬೇಟೆಗಾರ ಮಾವ ಕಲಿಸಿದಂತೆ ಮುಂಗೈಗೆ ತುಟಿಯೊತ್ತಿ ಗಾಯಗೊಂಡ ಮೊಲದ ಹಾಗೆ ಕೂಗಿದೆ. ಮೂರನೆಯ ಕೂಗು ಚೆನ್ನಾಗಿ ಬಂತೆಂದು ಹಿಗ್ಗಿದೆ. ಅದನ್ನು ಬರೆಯಲೂ ನಾಚಿಕೆ. ರಸ್ತೆಯಾಚೆಯಿಂದ ನರಿ ಓಡಿಬಂದು ಲಾರಿಗೆ ಸಿಕ್ಕಿ ಸತ್ತಿತು. ಮೊಲೆಗಳಲ್ಲಿ ಹಾಲು ತುಂಬಿತ್ತು.

“ಖಲಾಸ್. ಯಲ್ಲಾ, ಹೋಗುವ,” ಎಂದ ವಾಲ್ಟರ್, ನನ್ನತ್ತ ನೋಡದೆ.

ಕೂಗು ಮೂರು, ಸತ್ತ ನರಿ ಒಂದು, ಮರಿಗಳ ಸಂಖ್ಯೆ ತಿಳಿಯದು. ಸಂಜೆ ಒಬ್ಬನೇ ಹೋದಾಗ ಬಿಲ ಸಿಕ್ಕಿತು. ಮರಿಗಳು ಒಳಗೆ ಕುಂಯ್‌ಗುಡುತ್ತಿವೆ, ನಾನು ಕರೆದರೆ ಹೊರಗೆ ಬರುತ್ತಿಲ್ಲ. ತಾಯಿನರಿ ಮರಿಗಳನ್ನು ಯಾವ ದನಿಯಲ್ಲಿ ಕರೆಯುತ್ತದೆಂದು ಬಲ್ಲವರು ದಯವಿಟ್ಟು ಬೇಗ ಬರೆಯಿರಿ.