ನಲ್ಲಿಗೆ ಕಟ್ಟಿದ ಹಸಿರು ತಂತಿ

ಅಕ್ಕಿಆಲೂರಿನ ರೈಸ್ ಮಿಲ್ಲುಗಳು ಇನ್ನೂ ಶುರುವಾಗಿಲ್ಲ. ಮಿಲ್ಲಿನ ಮೋಟರು ತಿರುಗಿದರೆ ಸ್ಪೀಕರಿನಲ್ಲಿ ಗರಗರ ಸೇರಿಕೊಳ್ಳುತ್ತದೆ. ಅದಕ್ಕೇ ಮನೆಮನೆಗೆ ಹೋಗಿ ಸ್ಟೀರಿಯೊ ಸರಿಮಾಡುವ ಹಾಜರಾಬಿ ಬೆಳಗಿನ ಆರಕ್ಕೆಲ್ಲ ಕೆಲಸಕ್ಕೆ ಕೂರುತ್ತಾರೆ. ಇವತ್ತು ಜಗದೀಶರ ಮನೆ; ಅವರ ಕೆಲಸದ ಬಗ್ಗೆ ಬರೆಯಲು ನಾನೂ ಜೊತೆಗೆ ಬಂದಿದ್ದೇನೆ. ಕಂಪ್ಯೂಟರಿನಲ್ಲಿ ತುಂಬಿಟ್ಟ ಭಜನೆ ಮೂವತ್ತು ವರ್ಷದ ಹಳೆಯ ಸ್ಟೀರಿಯೊದಲ್ಲಿ ಕೇಳಬೇಕು. ವಾರದ ಹಿಂದೆ ಜಗದೀಶ ತಾವೇ ಜೋಡಿಸಿದ್ದರು. ಒಂದೇ ಸ್ಪೀಕರು ಹಾಡುತ್ತಿದೆ ಎಂದು ಇವರನ್ನು ಕರೆಸಿದ್ದಾರೆ.

ಹಾಜರಾಬಿ ಮೊದಲು ಏನನ್ನೂ ಮುಟ್ಟುವುದಿಲ್ಲ, ನೋಡುತ್ತಾರೆ. ಸ್ಟೀರಿಯೊದ ಬೆನ್ನಿನಿಂದ ಹಸಿರು ತಂತಿಯೊಂದು ಕಿಟಕಿ ದಾಟಿದೆ.

"ಇದ್ಯಾಕ್ರಿ ಹೊರಗ ಹೋಗೇತಿ?"

"ಗುಂಯ್ ಅಂತಿತ್ರಿ ಅಕ್ಕಾರ. ನಲ್ಲಿಗೆ ಕಟ್ಟಿದ್ರ ಸದ್ದು ನಿಲ್ತೈತಿ ಅಂದ್ರು, ಕಟ್ಟೇನಿ. ಕಮ್ಮಿನೂ ಆತು."

ಹಾಜರಾಬಿ ಎದ್ದು ಹೊರಗೆ ಓಡುತ್ತಾರೆ. ಅಂಗಳದಲ್ಲಿ ಜಗದೀಶರ ತಾಯಿ ಫಕ್ಕೀರವ್ವ ಬರಿಗಾಲಲ್ಲಿ, ಕೊಡ ಹಿಡಿದು, ನಲ್ಲಿಗೆ ಕೈ ಚಾಚಿದ್ದಾರೆ.

"ಯವ್ವಾ, ನಿಂದರ್ರಿ! ಮುಟ್ಟಬ್ಯಾಡ್ರಿ!"

ನಲ್ಲಿಗೆ ಟೆಸ್ಟರ್ ಇಟ್ಟರೆ ಕೆಂಪಗೆ ಹೊತ್ತಿಕೊಳ್ಳುತ್ತದೆ. ನಲ್ಲಿಯಲ್ಲಿ ಕರೆಂಟು! ನೆಲದೊಳಗೆ ಕಬ್ಬಿಣದ ಪೈಪಿದ್ದ ಕಾಲದ ಉಪಾಯ ಇದು. ಈಗ ಒಳಗಿರುವುದು ಪ್ಲಾಸ್ಟಿಕ್ಕು, ಕಬ್ಬಿಣ ಮೇಲಿನ ಎರಡು ಅಡಿ ಮಾತ್ರ. ಹಳೆಯ ಸ್ಟೀರಿಯೊದಿಂದ ಸೋರಿದ ಕರೆಂಟು ಇಳಿಯಲು ನೆಲ ಸಿಗದೆ ನಲ್ಲಿಯಲ್ಲೇ ಕೂತಿದೆ.

"ಎಂಟು ದಿನದಿಂದ ಕೈ ಜುಂ ಅನ್ನಾಕತ್ತೈತಿ ಅಂತ ಬಡಕೊಂಡೆ," ಎನ್ನುತ್ತಾರೆ ಫಕ್ಕೀರವ್ವ. "ಈ ನನ್ನ ಮಗ ವಾಯು ಅಂದ, ದಿನಾ ಎಣ್ಣಿ ತಿಕ್ಕಿದ. ವಾಯು ಬಿಟ್ಟಾಂವನೂ ಇವನ, ತಿಕ್ಕಿದಾಂವನೂ ಇವನ!"

ಜಗದೀಶ ಕಟ್ಟೆಯ ಮೇಲೆ ಕುಸಿದು ಕೂರುತ್ತಾರೆ. ಇದನ್ನು ಬರೆಯುವ ಮೊದಲು ನಾನೂ ಎದ್ದು ಹೋಗಿ, ನಮ್ಮ ಮನೆಯ ಮಕ್ಕಳು ಕೈ ತೊಳೆಯುವ ನಲ್ಲಿಯನ್ನೊಮ್ಮೆ ನೋಡಿ ಬಂದಿದ್ದೇನೆ.

ಐವತ್ತೆರಡರ ಹಾಜರಾಬಿ ಈ ವಿದ್ಯೆ ಕಲಿತದ್ದು ರೇಡಿಯೋ ರಿಪೇರಿ ಮಾಡುತ್ತಿದ್ದ ಗಂಡ ಅಕೀಬರಿಂದ. ಅವರ ಕಣ್ಣು ಮಂಜಾದ ಮೇಲೆ ರಿಪೇರಿ ಸಾಮಾನಿನ ಚೀಲ ಇವರ ಹೆಗಲಿಗೆ ಬಂತು. ಹನ್ನೊಂದು ವರ್ಷವಾಯಿತು. ವಾರಕ್ಕೆ ಐದಾರು ಮನೆ. ಇತ್ತ ರಟ್ಟೀಹಳ್ಳಿ, ಅತ್ತ ತಡಸ, ಎಲ್ಲ ಬಸ್ಸಿನಲ್ಲೇ. "ಮೊದಮೊದಲ 'ಗಂಡಸರು ಬರಲಿಲ್ಲೇನ್ರಿ?' ಅಂತಿದ್ರು. 'ಬಂದಾರ‍್ರಿ, ಚೀಲದಾಗ ಅದಾರ' ಅಂತಿದ್ದೆ."

ನಲ್ಲಿಗೆ ಕಟ್ಟಿದ ತಂತಿ ಅವರು ಕಂಡದ್ದು ಇದೇ ಮೊದಲಲ್ಲ. ಈ ವರ್ಷವೇ ಮೂರನೆಯದು!

ಪ್ಲಗ್ ಕಿತ್ತಾಗಿದೆ, ತಂತಿ ಬಿಚ್ಚಾಗಿದೆ. ಭಜನೆ ಇವತ್ತಿಲ್ಲ. ಸ್ಟೀರಿಯೊ ರಿಪೇರಿಯಾಗಿ, ಅಂಗಳದಲ್ಲಿ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ಗುಂಡಿ ತೋಡುವವರೆಗೆ ಜೋಡಿಸುವುದಿಲ್ಲ ಎಂದು ಹಾಜರಾಬಿ ಖಡಾಖಂಡಿತವಾಗಿ ಹೇಳಿದ್ದಾರೆ. "ಎಲ್ಲಾರ ಮನ್ಯಾಗೂ ಒಂದ್ ಗುಂಡಿ ಆಗ್ಲಿ, ನನಗಷ್ಟ ಸಾಕ್ರಿ."

ಫಕ್ಕೀರವ್ವ ಮಾತ್ರ ಕೊಡ ಹಿಡಿದು ದೂರವೇ ನಿಂತಿದ್ದಾರೆ. ಹಾಜರಾಬಿ ಮತ್ತೊಮ್ಮೆ ಟೆಸ್ಟರ್ ಇಡುತ್ತಾರೆ. ಹೊತ್ತುವುದಿಲ್ಲ. ಚಪ್ಪಲಿ ಬಿಟ್ಟು, ಬರಿಗೈಯಲ್ಲಿ ನಲ್ಲಿ ತಿರುವಿ, ಬೊಗಸೆ ತುಂಬ ನೀರು ಕುಡಿಯುತ್ತಾರೆ.

"ಬರ‍್ರಿ ಯವ್ವಾ. ನಾ ಮುಟ್ಟದ ಇನ್ನೊಬ್ಬರಿಗೆ ಮುಟ್ಟ್ರಿ ಅನ್ನಂಗಿಲ್ಲ."