ಸೊಸೆಯ ಊಟದ ತೂಕ

ಎಂ.ಎಸ್ಸಿ. ಎರಡನೇ ವರ್ಷದಲ್ಲಿ ನಾನು ಊರೂರು ಅಲೆದು ಜನರ ಊಟ ತೂಗುತ್ತಿದ್ದೆ. ಸೇಲಂನಲ್ಲಿ ಗುಮಾಸ್ತರಾಗಿದ್ದ ನಮ್ಮಪ್ಪ, "ಇದಕ್ಕಾ ನಿನ್ನ ಕೃಷಿ ಕಾಲೇಜಿಗೆ ಕಳಿಸಿದ್ದು?" ಎಂದು ವಾರಕ್ಕೊಮ್ಮೆಯಾದರೂ ಕೇಳುತ್ತಿದ್ದರು. ತೊಂಬತ್ತರ ದಶಕದ ನಡುವಿನ ಮಾತು. ಪಾಲಕೋಡ್ ಸುತ್ತಮುತ್ತ ರಾಗಿ, ಅವರೆ ಬೆಳೆಯುತ್ತಿದ್ದ ಹೊಲಗಳು ಒಂದೊಂದಾಗಿ ಟೊಮೆಟೊಗೆ ತಿರುಗುತ್ತಿದ್ದವು. ಹೊಲ ಬದಲಾದರೆ ಆ ಮನೆಯವರ ತಟ್ಟೆಯಲ್ಲಿ ಏನು ಬದಲಾಗುತ್ತದೆ ಎನ್ನುವುದು ನನ್ನ ಪ್ರಬಂಧದ ವಿಷಯ. ಅಲ್ಲಿಯ ರೈತರು ಕನ್ನಡ ಮಾತಾಡುವವರು, ನಾನೂ ಮನೆಯಲ್ಲಿ ಕನ್ನಡ ಮಾತಾಡುವವಳು. ಹಾಗಾಗಿ ನನ್ನ ಗೈಡು ನನ್ನನ್ನೇ ಅಟ್ಟಿದರು. ಅರ್ಧ ತಮಿಳು ಬೆರೆತ ನನ್ನ ಪೇಟೆ ಕನ್ನಡ ಕೇಳಿ ಆ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಕೆಲಸ ಸುಲಭದ್ದೇ. ಬಡಿಸಿದ್ದನ್ನು ತೂಗಬೇಕು, ಊಟವಾದ ಮೇಲೆ ತಟ್ಟೆಯಲ್ಲಿ ಉಳಿದದ್ದನ್ನೂ ತೂಗಿ ಕಳೆಯಬೇಕು. ತಿಂದದ್ದು ಅಷ್ಟು. ನಾನು ಆರಿಸಿಕೊಂಡಿದ್ದ ನಲವತ್ತು ಮನೆಗಳಲ್ಲಿ ಗುರುವಾರ ಗುರುವಾರ ಹೋಗುತ್ತಿದ್ದ ಒಂದು ಮನೆಯಲ್ಲಿ ಅಪ್ಪ, ಅಮ್ಮ, ಮಗ, ಬಸುರಿ ಸೊಸೆ ಇದ್ದರು. ಸೊಸೆ ಎಲ್ಲರದ್ದೂ ಮುಗಿದ ಮೇಲೆ ಉಣ್ಣಬೇಕು. ನನಗೋ ಎರಡು ಗಂಟೆಯ ಬಸ್ಸು. ಅದು ತಪ್ಪಿದರೆ ಸಂಜೆಯವರೆಗೆ ಗತಿಯಿಲ್ಲ. ಅತ್ತೆ ಸೊಸೆಯ ಪಾಲಿನ ಮುದ್ದೆಯನ್ನು ಮೊದಲೇ ತಟ್ಟೆಗೆ ಹಾಕಿ ತೋರಿಸುತ್ತಿದ್ದಳು, ನಾನು ತೂಗಿ, ಉಳಿದದ್ದರ ಕಾಲಂನಲ್ಲಿ ಸೊನ್ನೆ ಬರೆದು ಓಡುತ್ತಿದ್ದೆ. ಹೊಲದಲ್ಲಿ ದುಡಿಯುವವರು ಊಟ ಯಾಕೆ ಬಿಡುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಒಂದು ಗುರುವಾರ ಬಸ್ಸು ಬರಲೇ ಇಲ್ಲ. ನೀರು ಕುಡಿಯೋಣವೆಂದು ಅದೇ ಮನೆಗೆ ಮರಳಿದೆ. ಅತ್ತೆ ಹೊಲಕ್ಕೆ ಹೋಗಿದ್ದಳು. ಸೊಸೆ ಅಡುಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು, ನಾನು ತೂಗಿದ್ದ ಮುದ್ದೆಯಲ್ಲಿ ನಿಂಬೆಹಣ್ಣಿನಷ್ಟು ಕಿತ್ತು ನುಂಗಿ, ಉಳಿದದ್ದನ್ನು ಮತ್ತೆ ಪಾತ್ರೆಗೆ ಹಾಕುತ್ತಿದ್ದಳು. ನನ್ನನ್ನು ಕಂಡು ಅವಳ ಮುಖ ಬೆಳ್ಳಗಾಯಿತು.

"ಅಕ್ಕಾ, ಬರ್ಕೋಬ್ಯಾಡ."

"ಯಾಕೆ ತಿನ್ನಲ್ಲ ನೀನು?"

"ಜಾಸ್ತಿ ತಿಂದ್ರೆ ಮಗ ದಪ್ಪ ಆಗ್ಬುಡ್ತದಂತೆ, ಎರಿಗೆ ಕಷ್ಟ ಅಂತ ಅತ್ತೆ ಏಳ್ತಾರೆ. ನೀ ತೂಕ ಆಕೋ ದಿವ್ಸ ಮಾತ್ರ ದೊಡ್ದು ಇಡ್ತಾರೆ. ಬರ್ದ್ರೆ ನಾನೇ ಏಳ್ಕೊಟ್ಟೆ ಅಂತಾರೆ ಅಕ್ಕಾ, ಬ್ಯಾಡ."

ಅತ್ತೆ ಕೆಟ್ಟವಳಲ್ಲ. ತನ್ನ ನಾಲ್ಕು ಬಸಿರಲ್ಲೂ ಹೀಗೇ ಅರೆಹೊಟ್ಟೆಯಲ್ಲಿ ಇದ್ದವಳು, ನಾಲ್ಕನ್ನೂ ಮನೆಯಲ್ಲೇ ಹೆತ್ತವಳು. ಈ ನಂಬಿಕೆಯ ಬಗ್ಗೆ ನಮಗೆ ಕ್ಲಾಸಿನಲ್ಲಿ ಪಾಠವೇ ಆಗಿತ್ತು. ಪರೀಕ್ಷೆಯಲ್ಲಿ ಉತ್ತರ ಬರೆದು ಒಳ್ಳೆಯ ಮಾರ್ಕೂ ತೆಗೆದಿದ್ದೆ. ಆದರೆ ಅವತ್ತು "ಹೊಟ್ಟೆ ತುಂಬ ತಿನ್ನಮ್ಮಾ" ಎಂದು ದೊಡ್ಡ ಬಾಯಲ್ಲಿ ಹೇಳಿ ನೀರು ಕುಡಿದು ಎದ್ದೆ. ಅತ್ತೆಗೆ ತಿಳಿಹೇಳಲಿಲ್ಲ. ಊರಿಗೆ ಬರುತ್ತಿದ್ದ ನರ್ಸಮ್ಮನ ಕಿವಿಗೂ ಹಾಕಲಿಲ್ಲ. ಬರೆದಿದ್ದ ಸೊನ್ನೆಗಳನ್ನು ಹೊಡೆದು ಹಾಕಿದರೆ ನಲವತ್ತು ಮನೆಯ ಹೆಂಗಸರ ಲೆಕ್ಕವೆಲ್ಲ ಕೆಡುತ್ತಿತ್ತು. ಅಷ್ಟೂ ಮನೆಗಳಲ್ಲಿ ನಾನು ಅದೇ ಬಸ್ಸಿಗೆ ಓಡಿದವಳು.

ಏಳನೇ ತಿಂಗಳಲ್ಲಿ ಅವಳ ತಾಯಿ ಕೊಳತ್ತೂರಿನ ಕಡೆಯಿಂದ ಚೊಚ್ಚಲ ಹೆರಿಗೆಗೆ ಮಗಳನ್ನು ಕರೆದುಕೊಂಡು ಹೋಗಲು ಬಂದಳು. ಟೊಮೆಟೊ ಹಣ್ಣಾಗಿ ಬಿದ್ದಿತ್ತು, ಕೀಳಲು ಕೈ ಸಾಲದು, ಒಂದು ಕುಯ್ಲು ಮುಗಿಯಲಿ ಎಂದು ಅತ್ತೆ ಮಾವ ತಡೆದರು. ಒಂದಾದ ಮೇಲೆ ಇನ್ನೊಂದು ಬಂತು. ಒಂಬತ್ತನೇ ತಿಂಗಳಲ್ಲಿ ಅವಳು ಮನೆಯಲ್ಲೇ ಹೆಣ್ಣುಮಗುವನ್ನು ಹೆತ್ತಳು. ರಕ್ತ ನಿಲ್ಲಲಿಲ್ಲ. ಟೊಮೆಟೊ ಸಾಗಿಸುವ ಟೆಂಪೋದಲ್ಲಿ ಪಾಲಕೋಡ್‌ಗೆ ಒಯ್ಯುವಾಗ ದಾರಿಯಲ್ಲೇ ಹೋದಳು. ಹೆರಿಗೆ, ಸಾವು ಎರಡೂ ನನಗೆ ಗೊತ್ತಿರಲಿಲ್ಲ, ಆ ಎರಡು ವಾರ ಕಾಲೇಜಿನಲ್ಲಿದ್ದೆ.

ಮರಳಿ ಹೋದ ಗುರುವಾರ ಬಸ್ಸಿಳಿದ ಕೂಡಲೇ ಅವಳ ಮಾವ ಎದುರು ಬಂದು, ವಿಷಯ ಹೇಳಿ, ನನ್ನನ್ನು ನೇರ ಮನೆಯಂಗಳಕ್ಕೆ ಕರೆದುಕೊಂಡು ಹೋದ. ಅಂಗಳದಲ್ಲಿ ಊರಿನ ಹಿರಿಯರು ಕೂತಿದ್ದರು. ನಾನು ಬರುವ ದಿನ ನೋಡಿಯೇ ನ್ಯಾಯಕ್ಕೆ ಸೇರಿದ್ದರು. ಒಂದು ಬದಿಗೆ ಸತ್ತವಳ ತಾಯಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅವಳು ಕೇಳಿದ್ದು ಒಂದೇ: ಮಗುವನ್ನು ನನಗೆ ಕೊಡಿ.

"ನನ್ ಮಗ್ಳಿಗೇ ಇಟ್ಟು ಆಕ್ದಿರೋ ಮನೆ, ಈ ಕೂಸಿಗೇನ್ ಆಕ್ತದೆ?"

"ಇಟ್ಟು ಆಕ್ಲಿಲ್ಲ ಅಂತ ಮಾನ ತೆಗೀತಾಳಲ್ಲಪ್ಪಾ!" ಎಂದು ಅತ್ತೆ ಎದೆ ಬಡಿದುಕೊಂಡಳು. "ಈ ಉಡ್ಗಿ, ನನ್ ಕಣ್ಣು, ವಾರ ವಾರ ಬಂದು ತೂಕ ಆಕೈತೆ. ಕೇಳಿ, ಇವ್ಳನ್ನೇ ಕೇಳಿ."

ಹಿರಿಯರೊಬ್ಬರು ನನ್ನ ಕಡೆ ತಿರುಗಿದರು. "ನೀನು ಓದಿರೋಳಮ್ಮಾ, ನಿನ್ಗೆ ಇಬ್ರೂ ಒಂದೇ. ಏನ್ ಬರ್ದಿದೀಯೋ ಅದ್ನ ಓದು, ಪೋದುಂ, ಅಷ್ಟು ಸಾಕು."

ಪುಸ್ತಕ ತೆಗೆದೆ. ಸೊಸೆಯ ಹೆಸರಿನ ಮುಂದೆ ಇದ್ದ ತೂಕಗಳನ್ನು, ಉಳಿದದ್ದು ಸೊನ್ನೆ, ಉಳಿದದ್ದು ಸೊನ್ನೆ ಎಂದು ಓದುತ್ತಾ ಹೋದೆ. ತಾಯಿಗೆ ಗ್ರಾಮಿನ ಲೆಕ್ಕ ತಿಳಿಯಲಿಲ್ಲ.

"ಅಷ್ಟು ಅಂದ್ರೆ ಎಷ್ಟವ್ವಾ? ಕೈಯಾಗೆ ತೋರ್ಸು."

ಎರಡೂ ಕೈ ಬೊಗಸೆ ಮಾಡಿ ತೋರಿಸಿದೆ.

"ಅಷ್ಟ್ನೂ ತಿಂದ್ಲಾ? ನೀ ಕಣ್ಣಾರೆ ಕಂಡ್ಯಾ?"

"ತಿಂದ್ಲು" ಎಂದೆ.

ಬರೆಯಬೇಡ ಎಂದು ಸತ್ತವಳು ಕೇಳಿಕೊಂಡಿದ್ದಳಲ್ಲ, ಅವಳ ಮಾತು ಉಳಿಸಿದೆ ಎಂದು ಬಹಳ ವರ್ಷ ನನ್ನನ್ನು ನಾನು ನಂಬಿಸಿಕೊಂಡೆ. ಸುಳ್ಳು. ಇನ್ನೆರಡು ತಿಂಗಳಲ್ಲಿ ಪ್ರಬಂಧ ಒಪ್ಪಿಸಬೇಕಿತ್ತು, ನನಗೆ ಹೆದರಿಕೆಯಾಯಿತು, ಅಷ್ಟೇ.

ಆ ತಾಯಿ ನನ್ನ ಬೊಗಸೆಯನ್ನೇ ನೋಡುತ್ತಾ ಕೂತಳು. ಅವಳ ಮುಖ ಸ್ವಲ್ಪ ಹಗುರಾಯಿತು. ಅದನ್ನು ನೋಡುವುದು ಬೈಸಿಕೊಳ್ಳುವುದಕ್ಕಿಂತ ಕಷ್ಟವಾಗಿತ್ತು. "ಓಗ್ಲಿ, ಅಸ್ಕೊಂಡು ಸಾಯ್ಲಿಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಮಗು ಅಪ್ಪನ ಮನೆಯಲ್ಲೇ ಇರಲಿ ಎಂದು ಹಿರಿಯರು ತೀರ್ಮಾನ ಕೊಟ್ಟರು. ಅವಳು ಎದುರಾಡದೆ ಮಗುವನ್ನು ಬೀಗಿತ್ತಿಯ ಕೈಗಿಟ್ಟು ಬಸ್ಸಿಗೆ ಹೊರಟಳು. ನಾನೂ ಅದೇ ಬಸ್ಸಿಗೆ ಹೋಗಬೇಕಿತ್ತು. ಹೋಗಲಿಲ್ಲ, ಸಂಜೆಯವರೆಗೆ ಕಾದೆ.

ಪ್ರಬಂಧ ಒಪ್ಪಿಸುವ ಮೊದಲು ಕೊನೆಯ ಸಲ ಆ ಮನೆಗೆ ಹೋದೆ. ಅಂಗಳದಲ್ಲಿ ಟೊಮೆಟೊ ಬುಟ್ಟಿಗಳಿದ್ದವು, ಮಗುವಿನ ಸದ್ದಿರಲಿಲ್ಲ. ಕೇಳಿದೆ.

"ಓಯ್ತು ಕಣವ್ವ" ಎಂದಳು ಅತ್ತೆ. "ಅಸೀನ್ ಆಲು ಒಗ್ಗಲಿಲ್ಲ. ಕುಯ್ಲು ಬೇರೆ, ಒತ್ತೊತ್ತಿಗೆ ಕೊಡೋರ್ ಯಾರು?"

ಅವಳು ಅಳಲಿಲ್ಲ. ಕೈತೊಳೆದುಕೊಂಡು ಒಳಗೆ ಹೋಗಿ ನನಗೆಂದು ಅನ್ನ ಮಾಡಿ, ಸಾರು ಮಾಡಿ, ಮಣೆ ಹಾಕಿ ಕೂರಿಸಿದಳು. ಬೇಡವೆಂದರೂ ಎರಡನೇ ಸಲ ಬಡಿಸಿ, ತಲೆ ಸವರಿ, "ಅವತ್ತು ನೀ ನಮ್ ಮಾನ ಉಳಿಸ್ದೆ ಕಣ್ಣು, ತಿನ್ನು" ಎಂದಳು.

ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ತಿಂದೆ.